ಅಂಗಳದ ದೋಣಿ, ಗೇಟಿನಾಚೆಯ ಟೆಂಪೋ

2024ರ ಮೇ ತಿಂಗಳಲ್ಲಿ ನನ್ನ ಅಳಿಯ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಕ್ಯಾಲಿಫೋರ್ನಿಯಾದ ಸೀಸೈಡ್ ಎಂಬ ಊರಿನ ಒಂದು ಮನೆ. ಮನೆಯ ಪಕ್ಕ ಆರಡಿ ಎತ್ತರದ ಮರದ ಬೇಲಿ. ಆ ಬೇಲಿಯ ಮೇಲೆ ಒಂದು ದೋಣಿಯ ಚಿತ್ರ. ಎಷ್ಟು ಸಹಜವಾಗಿದೆ ಎಂದರೆ ಮೊದಲ ನೋಟಕ್ಕೆ ನಿಜವಾದ ದೋಣಿಯೇ ನಿಂತಿದೆ ಅನಿಸುತ್ತದೆ. ನಿಜವಾದ ದೋಣಿ ಇರುವುದು ಬೇಲಿಯ ಹಿಂದೆ!

ನಡೆದದ್ದು ಇಷ್ಟು. ಮನೆಯವನು ತನ್ನ ದೋಣಿಯನ್ನು ಟ್ರೈಲರಿನ ಮೇಲೆ ಹೇರಿ ಮನೆಯ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ. 2023ರ ಜುಲೈಯಲ್ಲಿ ನಗರಾಡಳಿತದಿಂದ ಪತ್ರ ಬಂತು. ದೋಣಿ, ಟ್ರೈಲರುಗಳು ಬೀದಿಗೆ ಕಾಣಬಾರದು, ಆರಡಿಯ ಬೇಲಿ ಹಾಕಿ ಮರೆ ಮಾಡಿ ಎಂದು. ಆತ ಚಕಾರ ಎತ್ತದೆ ಬೇಲಿ ಹಾಕಿಸಿದ. ಪಕ್ಕದ ಮನೆಯ ಕಲಾವಿದನನ್ನು ಕರೆದು ಬೇಲಿಯ ಮೇಲೆ ಅದೇ ದೋಣಿಯನ್ನು ಬರೆಸಿದ. ಬೇಲಿ ಹಾಕಿ ಅಂದರು, ಹಾಕಿದ. ಬೇಲಿಯ ಮೇಲೆ ಏನು ಬರೆಯಬಾರದು ಅಂತ ಯಾರೂ ಹೇಳಿರಲಿಲ್ಲ.

ಎಲ್ಲರಂತೆ ನಾನೂ ನಕ್ಕೆ. ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡಿದೆ. ಆದರೆ ರಾತ್ರಿ ಮಲಗಿದಾಗ ನಗು ಇಳಿದು ಒಂದು ಪ್ರಶ್ನೆ ಉಳಿಯಿತು. ಸ್ವಂತ ದುಡ್ಡಿನ ಮನೆ, ಸ್ವಂತ ಜಾಗ, ಸ್ವಂತ ದೋಣಿ. ಅದು ಕಾಣಿಸಬಾರದು ಅನ್ನುವ ಹಕ್ಕು ಪಕ್ಕದವನಿಗೆ ಎಲ್ಲಿಂದ ಬಂತು? ನಾನು ಕಾನೂನು ಓದಿದವನಲ್ಲ, ಬಿ.ಕಾಂ. ಮಾಡಿ ಬ್ಯಾಂಕು ಸೇರಿದವನು. ಆದರೆ ಮುಂಬಯಿಯಲ್ಲಿ ವರ್ಷಗಟ್ಟಲೆ ಗೃಹಸಾಲದ ಫೈಲುಗಳ ನಡುವೆ ಕೂತವನು. ಕ್ರಯಪತ್ರದ ಷರತ್ತು ಓದುವುದು ನನಗೆ ಚಟವಾಗಿಬಿಟ್ಟಿದೆ. ಹಾಗಾಗಿ ಈ ದೋಣಿಯ ಜಾಡು ಹಿಡಿದು ಹಿಂದಕ್ಕೆ ಹೋದೆ. ಹೋಗಿ ಮುಟ್ಟಿದ ಜಾಗ ಮಾತ್ರ ನಗುವಂಥದ್ದಾಗಿರಲಿಲ್ಲ.

*

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಅಮೆರಿಕದಲ್ಲಿ ಇಂಥ ನಿಯಮಗಳು ಎರಡು ಕಡೆಯಿಂದ ಬರುತ್ತವೆ. ಒಂದು, ಊರಿನ ಪುರಸಭೆ ಮಾಡುವ ಕಾನೂನು. ಸೀಸೈಡಿನದು ಆ ಜಾತಿಯದು. ಇನ್ನೊಂದು, ಬಡಾವಣೆಯ ಮನೆಮಾಲೀಕರ ಸಂಘದ ನಿಯಮ. ಇದು ಸರ್ಕಾರದ ಕಾನೂನಲ್ಲ. ಬಿಲ್ಡರ್ ನಿವೇಶನಗಳನ್ನು ಮಾರುವ ಮೊದಲೇ ಷರತ್ತುಗಳ ಪಟ್ಟಿಯೊಂದನ್ನು ನೋಂದಣಿ ಮಾಡಿಸಿಬಿಡುತ್ತಾನೆ. ಆ ಮನೆ ಎಷ್ಟು ಕೈ ಬದಲಿಸಿದರೂ ಷರತ್ತು ಅದರ ಜೊತೆಯಲ್ಲೇ ಹೋಗುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಜಮೀನಿಗೆ ಅಂಟಿದ ಋಣಭಾರ ಇದ್ದ ಹಾಗೆ. ಮುರಿದರೆ ಸಂಘ ದಂಡ ಹಾಕುತ್ತದೆ. ಬಾಕಿ ಉಳಿಸಿಕೊಂಡರೆ ಎಷ್ಟೋ ಕಡೆ ಮನೆಯ ಮೇಲೇ ಹಕ್ಕು ಹೂಡಬಹುದು.

ಒಬ್ಬ ಬರೆದುಕೊಟ್ಟ ಮಾತು ಮುಂದೆ ಕೊಳ್ಳುವ ಹತ್ತನೆಯವನನ್ನೂ ಕಟ್ಟಿಹಾಕುವುದು ಹೇಗೆ? ಇದರ ಬೇರು ಲಂಡನ್ನಿನಲ್ಲಿದೆ. ಅಲ್ಲಿಯ ಲೆಸ್ಟರ್ ಸ್ಕ್ವೇರಿನ ನಡುವಿನ ತೋಟವನ್ನು ಟಲ್ಕ್ ಎಂಬಾತ 1808ರಲ್ಲಿ ಮಾರಿದ. ಸುತ್ತಲಿನ ಕೆಲವು ಮನೆಗಳು ಅವನ ಬಳಿಯೇ ಉಳಿದಿದ್ದವು. ಹಾಗಾಗಿ, ತೋಟವನ್ನು ತೋಟವಾಗಿಯೇ ಇಡಬೇಕು, ಕಟ್ಟಡ ಕಟ್ಟಬಾರದು ಎಂದು ಷರತ್ತು ಹಾಕಿದ. ಕೈಯಿಂದ ಕೈಗೆ ಹೋದ ತೋಟ ಕೊನೆಗೆ ಮಾಕ್ಸೆ ಎಂಬುವನ ಪಾಲಾಯಿತು. ಷರತ್ತು ಗೊತ್ತಿದ್ದೂ ಅವನು ಕಟ್ಟಲು ಹೊರಟ. ನಾನೇನು ಸಹಿ ಹಾಕಿಲ್ಲವಲ್ಲ ಅನ್ನುವುದು ಅವನ ವಾದ. 1848ರಲ್ಲಿ ನ್ಯಾಯಾಧೀಶ ಲಾರ್ಡ್ ಕಾಟನ್‌ಹ್ಯಾಮ್ ಅದನ್ನು ಒಪ್ಪಲಿಲ್ಲ. ಷರತ್ತು ಇದೆಯೆಂದೇ ಕಡಿಮೆ ಬೆಲೆಗೆ ಕೊಂಡು, ಮಾರನೆಯ ದಿನ ಷರತ್ತಿಲ್ಲದಂತೆ ಹೆಚ್ಚಿನ ಬೆಲೆಗೆ ಮಾರುವುದು ನ್ಯಾಯವಲ್ಲ ಅನ್ನುವುದು ಅವರ ತೀರ್ಪಿನ ಸಾರ.

ಗಮನಿಸಿ, ತೀರ್ಪು ನಿಂತಿರುವುದು ಮಾತು ಉಳಿಸಿಕೊಳ್ಳುವ ಧರ್ಮದ ಮೇಲೆ ಮಾತ್ರ ಅಲ್ಲ, ಬೆಲೆಯ ಲೆಕ್ಕದ ಮೇಲೂ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಉಪಾಯ ಅಮೆರಿಕಕ್ಕೂ ಹಬ್ಬಿತು. ನ್ಯೂಯಾರ್ಕಿನಲ್ಲಿ 1831ರಲ್ಲೇ ಗ್ರಾಮರ್ಸಿ ಪಾರ್ಕ್ ಎಂಬ ತೋಟವನ್ನು ಸುತ್ತಲಿನ ಮನೆಯವರಿಗಾಗಿ ಷರತ್ತುಗಳ ಸಮೇತ ಬಿಟ್ಟಿದ್ದರು. ಇವತ್ತಿಗೂ ಅದರ ಬೀಗದ ಕೈ ಸುತ್ತಲಿನವರ ಬಳಿ ಮಾತ್ರ ಇರುವುದು. ಬಾಸ್ಟನ್ನಿನ ಲೂಯಿಸ್‌ಬರ್ಗ್ ಸ್ಕ್ವೇರಿನ ಮಾಲೀಕರು 1844ರಲ್ಲಿ ಸೇರಿ ಒಂದು ಸಮಿತಿ ಮಾಡಿಕೊಂಡರು. ಮನೆಮಾಲೀಕರ ಸಂಘಗಳ ಮುತ್ತಜ್ಜ ಅಂದರೆ ಇದೇ ಎಂದು ಇತಿಹಾಸಕಾರರು ಬೊಟ್ಟು ಮಾಡುತ್ತಾರೆ. ಆಗ ಚಿಂತೆ ಇದ್ದದ್ದು ತೋಟದ ಹುಲ್ಲು, ಕಬ್ಬಿಣದ ಬೇಲಿಗಳ ಬಗ್ಗೆ. ಶ್ರೀಮಂತರ ನಾಲ್ಕಾರು ಓಣಿಗಳ ವಿಚಾರ.

*

ಇದನ್ನು ಓಣಿಯಿಂದ ಊರಿನ ಅಳತೆಗೆ ಬೆಳೆಸಿದವನು ಕಾನ್ಸಾಸ್ ಸಿಟಿಯ ಜೆ. ಸಿ. ನಿಕೊಲ್ಸ್ ಎಂಬ ಬಿಲ್ಡರ್. 20ನೇ ಶತಮಾನದ ಮೊದಲ ದಶಕದಲ್ಲಿ ಕಂಟ್ರಿ ಕ್ಲಬ್ ಡಿಸ್ಟ್ರಿಕ್ಟ್ ಎಂಬ ದೊಡ್ಡ ಬಡಾವಣೆ ಕಟ್ಟಲು ಶುರುಮಾಡಿದ. ಅವನ ಪತ್ರಗಳಲ್ಲಿ ಮನೆಗೆ ಕನಿಷ್ಠ ಇಷ್ಟು ಖರ್ಚು ಮಾಡಿರಬೇಕು, ರಸ್ತೆಯಿಂದ ಇಷ್ಟು ಹಿಂದಕ್ಕೆ ಕಟ್ಟಬೇಕು ಎಂಬಂಥ ಷರತ್ತುಗಳಿದ್ದವು. ಅವಧಿ ಮುಗಿಯುತ್ತಿದ್ದಂತೆ ಅವು ತಾವಾಗಿಯೇ ನವೀಕರಣವಾಗುತ್ತಿದ್ದವು. ನಿಲ್ಲಿಸಬೇಕಾದರೆ ಮಾಲೀಕರು ವರ್ಷಗಳ ಮೊದಲೇ ಬಹುಮತದಿಂದ ಬರೆದುಕೊಡಬೇಕು. ಅಷ್ಟು ವ್ಯವಧಾನ ಯಾರಿಗಿರುತ್ತದೆ? ಬ್ಯಾಂಕಿನ ಫಿಕ್ಸೆಡ್ ಡಿಪಾಸಿಟ್ಟಿನ ಆಟೋ ರಿನ್ಯೂವಲ್ ಇದ್ದ ಹಾಗೆ, ನಡೆದುಕೊಂಡು ಹೋಗುತ್ತಿತ್ತು.

ಅದೇ ಪತ್ರಗಳಲ್ಲಿ ಇನ್ನೊಂದು ಸಾಲೂ ಇತ್ತು. ಈ ಜಾಗವನ್ನು ಕರಿಯರಿಗೆ ಮಾರಬಾರದು, ಅವರು ಇಲ್ಲಿ ವಾಸಿಸಬಾರದು ಎಂದು.

ನಿಕೊಲ್ಸ್ ಒಬ್ಬನೇ ಅಲ್ಲ, ದೇಶದ ತುಂಬ ಇದೇ ನಡೆದಿತ್ತು. 1917ರಲ್ಲಿ ಲೂಯಿವಿಲ್ ನಗರದ ಪ್ರಕರಣದಲ್ಲಿ, ನಗರಾಡಳಿತವು ಬಣ್ಣ ನೋಡಿ ಬೀದಿ ಹಂಚುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಸರ್ಕಾರ ಮಾಡಬಾರದ ಕೆಲಸವನ್ನು ಖಾಸಗಿ ಪತ್ರ ಮಾಡಬಹುದಲ್ಲ? ಷರತ್ತುಗಳು ಇನ್ನಷ್ಟು ಹಬ್ಬಿದವು. 1926ರಲ್ಲಿ ಅಂಥದೊಂದು ಷರತ್ತು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಇದು ಖಾಸಗಿ ಒಪ್ಪಂದ, ಸಂವಿಧಾನದ ಪ್ರಶ್ನೆ ಇಲ್ಲಿ ಏಳುವುದಿಲ್ಲ ಎಂದು ಕೈತೊಳೆದುಕೊಂಡಿತು.

ಅದೇ 1926ರಲ್ಲಿ ಇನ್ನೊಂದು ದೊಡ್ಡ ತೀರ್ಪು ಬಂತು. ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರು ಇಲ್ಲಿ ಮನೆ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಎಂದು ವಲಯ ಮಾಡಿದ್ದು ಸರಿ ಎಂದಿತು ಕೋರ್ಟು. ತೀರ್ಪಿನಲ್ಲಿ ಒಂದು ಹಂದಿಯ ಹೋಲಿಕೆ ಬರುತ್ತದೆ. ಹಂದಿ ದೊಡ್ಡಿಯಲ್ಲಿದ್ದರೆ ತೊಂದರೆಯಿಲ್ಲ, ಪಡಸಾಲೆಗೆ ಬಂದರೆ ಉಪದ್ರವ ಎಂಬ ಅರ್ಥದ ಮಾತು. ಅಂದರೆ ಒಂದು ವಸ್ತು ತಾನಾಗಿಯೇ ಕೆಟ್ಟದ್ದಾಗಿರಬೇಕಿಲ್ಲ, ತಪ್ಪು ಜಾಗದಲ್ಲಿದ್ದರೂ ಸಾಕು. ಪುರಸಭೆಗಳು ಮಾಡಿದ ದೋಣಿ, ಟ್ರೈಲರಿನ ಕಾನೂನುಗಳೆಲ್ಲ ಈ ಹಂದಿಯ ಬಾಲ ಹಿಡಿದೇ ಬಂದವು. ಆದರೆ ಯಾವುದು ಯಾರಿಗೆ ತಪ್ಪು ಜಾಗ ಎಂದು ತೀರ್ಮಾನಿಸುವವರು ಯಾರು? ಅಲ್ಲಿ ಮೊದಲೇ ಬಂದು ಕೂತವರು.

*

ಇಲ್ಲಿಂದ ಕಥೆಯೊಳಗೆ ನಮ್ಮವರು ಬರುತ್ತಾರೆ. ನಮ್ಮವರು ಎಂದರೆ ಕನ್ನಡಿಗರಲ್ಲ, ಸಾಲ ಕೊಡುವವರು!

1929ರ ನಂತರದ ಮಹಾ ಕುಸಿತದಲ್ಲಿ ಅಮೆರಿಕದ ಗೃಹಸಾಲ ವ್ಯವಸ್ಥೆ ನೆಲಕಚ್ಚಿತ್ತು. ಆಗಿನ ಸಾಲಗಳು ಕೆಲವೇ ವರ್ಷದ ಅವಧಿಯವು. ಕೊನೆಗೆ ಅಸಲು ಒಟ್ಟಿಗೆ ತೀರಿಸಬೇಕು, ಇಲ್ಲವೇ ಹೊಸ ಸಾಲ ಹುಡುಕಬೇಕು. 1934ರಲ್ಲಿ ಸರ್ಕಾರ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಶನ್ ಎಂಬ ಸಂಸ್ಥೆ ಮಾಡಿತು. ಅದು ತಾನೇ ಸಾಲ ಕೊಡುತ್ತಿರಲಿಲ್ಲ, ಬ್ಯಾಂಕುಗಳು ಕೊಟ್ಟ ಸಾಲಕ್ಕೆ ವಿಮೆ ಕೊಡುತ್ತಿತ್ತು. ದೀರ್ಘ ಅವಧಿ, ಸಮ ಕಂತು. ನಾವಿಂದು ಇ.ಎಂ.ಐ. ಎನ್ನುವುದು ಸಾಮಾನ್ಯ ಜನರ ಕೈಗೆ ಸಿಕ್ಕಿದ್ದು ಹೀಗೆ. ಒಳ್ಳೆಯ ಕೆಲಸ, ಅನುಮಾನವಿಲ್ಲ.

ಆದರೆ ಇಪ್ಪತ್ತು ವರ್ಷದ ಸಾಲ ಕೊಡುವವನಿಗೆ ಇಪ್ಪತ್ತು ವರ್ಷದ ಭಯ ಇರುತ್ತದೆ. ಸಾಲಗಾರನ ಸಂಬಳ ನೋಡಿದರೆ ಸಾಲದು, ಮನೆಯ ಬೆಲೆ ಇಳಿಯಬಾರದು. ಮನೆಯ ಬೆಲೆ ಇಳಿಯಬಾರದೆಂದರೆ ಪಕ್ಕದ ಮನೆಯೂ ಕೆಡಬಾರದು. ಈ ಭಯ ನನಗೆ ಚೆನ್ನಾಗಿ ಗೊತ್ತು. ಸೈಟ್ ಇನ್‌ಸ್ಪೆಕ್ಷನ್ನಿಗೆ ಹೋದಾಗ ಫ್ಲಾಟಿನ ಒಳಗೆ ಐದು ನಿಮಿಷ ಇದ್ದರೆ ಸುತ್ತಮುತ್ತ ಹದಿನೈದು ನಿಮಿಷ ಓಡಾಡಿ ನೋಡಿದವನು ನಾನು.

ಆ ಸಂಸ್ಥೆ ತನ್ನ ಅಧಿಕಾರಿಗಳಿಗೆ ಒಂದು ಕೈಪಿಡಿ ಮಾಡಿತು. 1938ರ ಆವೃತ್ತಿಯಲ್ಲಿ ಒಳ್ಳೆಯ ಬಡಾವಣೆಗೆ ಎಂಥ ಷರತ್ತುಗಳಿರಬೇಕು ಎಂಬ ಶಿಫಾರಸು ಇದೆ. ಮನೆಯ ಅಳತೆ, ರಸ್ತೆಯಿಂದ ದೂರ, ಉಪದ್ರವ ಕೊಡುವ ಬಳಕೆಗೆ ನಿಷೇಧ. ಜೊತೆಗೇ, ಯಾವ ಜನಾಂಗಕ್ಕೆಂದು ಬಡಾವಣೆ ಮಾಡಿದೆಯೋ ಅವರ ಹೊರತು ಬೇರೆಯವರು ವಾಸಿಸದಂತೆ ತಡೆ. ಮೊದಲು ಒಬ್ಬ ಬಿಲ್ಡರನ ದುರ್ಬುದ್ಧಿಯಾಗಿದ್ದದ್ದು ಈಗ ಸರ್ಕಾರದ ಚೆಕ್‌ಲಿಸ್ಟ್ ಆಯಿತು. ಟಿಕ್ ಬಿದ್ದರೆ ವಿಮೆ ಸಲೀಸು, ವಿಮೆ ಇದ್ದರೆ ಸಾಲ ಸಲೀಸು.

1940ರ ದಶಕದ ಕ್ರಯಪತ್ರಗಳಲ್ಲಿ ಮತ್ತೆ ಮತ್ತೆ ಸಿಗುವ ಇನ್ನೊಂದು ಅಚ್ಚಿನ ವಾಕ್ಯವಿದೆ. ಟ್ರೈಲರು, ಡೇರೆ, ಗುಡಿಸಲು, ಗ್ಯಾರೇಜು, ಕೊಟ್ಟಿಗೆ, ಇವನ್ನು ತಾತ್ಕಾಲಿಕವಾಗಿಯಾಗಲಿ ಶಾಶ್ವತವಾಗಿಯಾಗಲಿ ವಾಸಕ್ಕೆ ಬಳಸಬಾರದು ಎಂಬ ಅರ್ಥದ್ದು. ಟ್ರೈಲರ್ ಎಂಬ ಪದ ಈ ಪತ್ರಗಳ ಒಳಗೆ ಬಂದ ಬಾಗಿಲು ಇದು. ಆಗ ಟ್ರೈಲರ್ ಎಂದರೆ ದೋಣಿ ಹೇರುವ ಗಾಡಿಯಲ್ಲ, ಕಾರಿನ ಹಿಂದೆ ಎಳೆದುಕೊಂಡು ಹೋಗುವ ಚಕ್ರದ ಮನೆ. ಕುಸಿತದ ವರ್ಷಗಳಲ್ಲಿ ಕೆಲಸ ಹುಡುಕಿ ಊರೂರು ತಿರುಗಿದವರು ಅದರಲ್ಲಿ ಸಂಸಾರ ಮಾಡಿದರು. ಯುದ್ಧಕಾಲದಲ್ಲಿ ಕಾರ್ಖಾನೆಯ ಕೆಲಸಗಾರರನ್ನು ಸರ್ಕಾರವೇ ಟ್ರೈಲರುಗಳಲ್ಲಿ ಇರಿಸಿತು. ಅಂದಮೇಲೆ ಆ ಷರತ್ತು ತಡೆಯಹೊರಟದ್ದು ಗಾಡಿಯನ್ನಲ್ಲ, ಗಾಡಿಯಲ್ಲಿ ಬದುಕುವ ಮನುಷ್ಯನನ್ನು. ಎಷ್ಟೋ ಪತ್ರಗಳಲ್ಲಿ ಈ ಟ್ರೈಲರಿನ ಷರತ್ತೂ ಜನಾಂಗದ ಷರತ್ತೂ ಒಂದೇ ಹಾಳೆಯ ಮೇಲೆ, ಕೆಲವೇ ಸಾಲುಗಳ ಅಂತರದಲ್ಲಿ ಇವೆ.

ನಾನು ಮೊದಲೇ ಹೇಳಿದ, ನಗು ನಿಂತ ಜಾಗ ಇದೇ.

*

1947ರಲ್ಲಿ ನ್ಯೂಯಾರ್ಕಿನ ಬಳಿ ಲಾಂಗ್ ಐಲೆಂಡಿನಲ್ಲಿ ಲೆವಿಟ್‌ಟೌನ್ ಏಳತೊಡಗಿತು. ಯುದ್ಧದಿಂದ ಮರಳಿದ ಸೈನಿಕರಿಗೆ ಕೈಗೆಟಕುವ ಮನೆಗಳು. 1951ರ ಹೊತ್ತಿಗೆ 17 ಸಾವಿರಕ್ಕೂ ಹೆಚ್ಚು. ಅಲ್ಲಿಯ ನಿಯಮಗಳನ್ನು ಓದಿದರೆ ನಮ್ಮ ಸೊಸೈಟಿ ಸೆಕ್ರೆಟರಿಗಳು ಶಿಷ್ಯರಾಗಿಬಿಡುತ್ತಾರೆ. ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕು. ಬೇಲಿ ಹಾಕಬಾರದು. ವಾರಾಂತ್ಯದಲ್ಲಿ ಹೊರಗೆ ಬಟ್ಟೆ ಒಣಹಾಕಬಾರದು. ಮತ್ತು, ಮನೆಗೆಲಸದವರ ಹೊರತು ಬಿಳಿಯರಲ್ಲದವರು ವಾಸಿಸಬಾರದು. ಎಲ್ಲ ಒಂದೇ ದನಿಯಲ್ಲಿ, ಒಂದೇ ಸಭ್ಯ ಭಾಷೆಯಲ್ಲಿ! ಯುದ್ಧದಲ್ಲಿ ಹೋರಾಡಿದ ಕರಿಯ ಸೈನಿಕನಿಗೂ ಅಲ್ಲಿ ಮನೆಯಿಲ್ಲ.

ಮರುವರ್ಷ, 1948ರಲ್ಲಿ, ಸೇಂಟ್ ಲೂಯಿಸ್ ನಗರದ ಶೆಲ್ಲಿ ಕುಟುಂಬದ ಪ್ರಕರಣ ತೀರ್ಮಾನವಾಯಿತು. ಅವರು ಕೊಂಡ ಮನೆಯ ಮೇಲೆ 1911ರ ಒಂದು ಷರತ್ತು ಕೂತಿತ್ತು. ಕರಿಯರಿಗೆ ಮಾತ್ರವಲ್ಲ, ಮಂಗೋಲಿಯನ್ ಜನಾಂಗದವರಿಗೂ, ಎಂದರೆ ಏಷ್ಯಾದ ಜನಕ್ಕೂ, ಐವತ್ತು ವರ್ಷ ಅಲ್ಲಿ ಪ್ರವೇಶವಿಲ್ಲ. ಖಾಸಗಿಯವರು ಹೀಗೆ ಬರೆದುಕೊಳ್ಳಬಹುದು, ಆದರೆ ಅದನ್ನು ಜಾರಿ ಮಾಡಲು ನ್ಯಾಯಾಲಯ ಕೈಜೋಡಿಸುವಂತಿಲ್ಲ ಎಂದಿತು ಸುಪ್ರೀಂ ಕೋರ್ಟು. ವಿಮೆಯ ಸಂಸ್ಥೆ ಅದಾದ ಮೇಲೂ ಆತುರ ತೋರಿಸಲಿಲ್ಲ. 1950ರ ಫೆಬ್ರವರಿಯ ನಂತರ ಹೊಸದಾಗಿ ನೋಂದಣಿಯಾದ ಜನಾಂಗೀಯ ಷರತ್ತು ಇರುವ ಮನೆಗಳಿಗೆ ಮಾತ್ರ ವಿಮೆ ನಿಲ್ಲಿಸಿತು. ಇಂಥ ತಾರತಮ್ಯವನ್ನೇ ಕಾನೂನುಬಾಹಿರ ಮಾಡಿದ್ದು 1968ರ ಫೇರ್ ಹೌಸಿಂಗ್ ಕಾಯಿದೆ. ಹಳೆಯ ಪತ್ರಗಳಲ್ಲಿ ಆ ಸಾಲುಗಳು ಸತ್ತ ಹಲ್ಲಿಯಂತೆ ಎಷ್ಟೋ ಕಡೆ ಈಗಲೂ ಉಳಿದಿವೆ. ಕಾನ್ಸಾಸ್ ಸಿಟಿಯವರು 2020ರಲ್ಲಿ ನಿಕೊಲ್ಸನ ಹೆಸರನ್ನು ಅಲ್ಲಿಯ ಪ್ರಸಿದ್ಧ ಕಾರಂಜಿಯಿಂದಲೂ ರಸ್ತೆಯಿಂದಲೂ ತೆಗೆದರು.

ಒಂದು ಷರತ್ತು ಸತ್ತಿತು. ಆದರೆ ಹಾಳೆ ಉಳಿಯಿತು. ಹಾಳೆಯ ಮೇಲಿನ ಬೇರೆ ಷರತ್ತುಗಳು ಉಳಿದವು, ಬೆಳೆದವು.

*

ಈಗ ದೋಣಿ ಬರುತ್ತದೆ.

ಹಲಗೆ ಜೋಡಿಸಿದ ಹಳೆಯ ಕಾಲದ ಮರದ ದೋಣಿಯನ್ನು ತಿಂಗಳುಗಟ್ಟಲೆ ಬಿಸಿಲಲ್ಲಿ ಒಣಗಿಸಿದರೆ ಹಲಗೆ ಕುಗ್ಗಿ ಸಂದು ಬಿಡುತ್ತದೆ. ನೀರಿನಲ್ಲಿದ್ದರೇ ಅದು ಗಟ್ಟಿ. ಎರಡನೇ ಮಹಾಯುದ್ಧದ ನಂತರ ಫೈಬರ್‌ಗ್ಲಾಸ್ ಮತ್ತು ಅಲ್ಯುಮಿನಿಯಂ ದೋಣಿಗಳು ಬಂದವು. ಇವಕ್ಕೆ ಒಣಗುವ ಭಯವಿಲ್ಲ. ಟ್ರೈಲರಿನ ಮೇಲೆ ಹೇರಿ ಮನೆಯ ಮುಂದೆ ವರ್ಷವಿಡೀ ನಿಲ್ಲಿಸಬಹುದು. ಅಣೆಕಟ್ಟುಗಳು ಕಟ್ಟಿಕೊಟ್ಟ ಸರೋವರಗಳಿದ್ದವು, 1956ರ ಕಾಯಿದೆಯಿಂದ ಹೆದ್ದಾರಿಗಳು ಬಂದವು, ಒಳ್ಳೆಯ ಸಂಬಳ ಇತ್ತು. ಕಾರ್ಖಾನೆಯ ಕೆಲಸಗಾರನೂ ಕಂತಿನ ಮೇಲೆ ದೋಣಿ ಕೊಂಡ. ಶ್ರೀಮಂತನ ದೋಣಿ ಬಂದರಿನಲ್ಲಿ ಬಾಡಿಗೆಯ ಕಟ್ಟೆಯಲ್ಲಿ ತೇಲುತ್ತಿತ್ತು. ಕೆಲಸಗಾರನ ದೋಣಿ ಮನೆಯ ಅಂಗಳದಲ್ಲಿ ನಿಂತಿತು.

ಅದೇ ಹೊತ್ತಿಗೆ ಬಿಲ್ಡರುಗಳು ಚಿಕ್ಕ ನಿವೇಶನಗಳನ್ನು ಒತ್ತಾಗಿ ಮಾಡಿ, ನಡುವೆ ಎಲ್ಲರಿಗೂ ಸೇರಿದ ಪಾರ್ಕು, ಈಜುಕೊಳ ಬಿಡುವ ಪದ್ಧತಿ ತಂದರು. ಸಾಮಾನ್ಯ ಆಸ್ತಿ ನೋಡಿಕೊಳ್ಳಲು ಸಂಘ ಬೇಕಲ್ಲ? 1964ರಲ್ಲಿ ಅರ್ಬನ್ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಮನೆಮಾಲೀಕರ ಸಂಘಗಳ ಬಗ್ಗೆ ದೊಡ್ಡ ಕೈಪಿಡಿಯೊಂದನ್ನು ತಂದಿತು. ನಮ್ಮ ಹಳೆಯ ಪರಿಚಯದ ವಿಮಾ ಸಂಸ್ಥೆಯೂ ಇಂಥ ಬಡಾವಣೆಗಳಿಗೆ ಬೆನ್ನು ತಟ್ಟಿತು. 1970ರಲ್ಲಿ ಸುಮಾರು 10 ಸಾವಿರ ಇದ್ದ ಇಂಥ ಸಂಘಗಳು ಇಂದು ಮೂರೂವರೆ ಲಕ್ಷ ದಾಟಿವೆ. ಒಂದರ ಷರತ್ತು ಇನ್ನೊಂದಕ್ಕೆ ನಕಲಾಗುತ್ತಾ ಹೋಯಿತು. ಟ್ರೈಲರಿನಲ್ಲಿ ವಾಸಿಸಬಾರದು ಎಂದಿದ್ದದ್ದು ಟ್ರೈಲರ್ ನಿಲ್ಲಿಸಲೇಬಾರದು ಎಂದಾಯಿತು. ಜೊತೆಗೆ ದೋಣಿ, ಕ್ಯಾಂಪರ್, ಟ್ರಕ್ಕು ಸೇರಿದವು. ಮನುಷ್ಯನ ಮೇಲಿನ ತಡೆ ವಸ್ತುವಿನ ಮೇಲಿನ ತಡೆಯಾಯಿತು. ಯಾರ ವಸ್ತು ಎಂದು ಯಾರೂ ಕೇಳಲಿಲ್ಲ.

ಫ್ಲಾರಿಡಾದ ಕೋರಲ್ ಗೇಬಲ್ಸ್ ಎಂಬ ಸಿರಿವಂತ ಊರಿನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ವಾಸದ ಬೀದಿಗಳಲ್ಲಿ ಕ್ಯಾಂಪರ್ ನಿಲ್ಲಿಸಬಾರದೆಂಬ ಅಲ್ಲಿಯ ಕಾನೂನನ್ನು 1974ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಿತು. ರಾತ್ರಿ ಪಿಕಪ್ ಟ್ರಕ್ ಹೊರಗೆ ಕಾಣುವಂತೆ ನಿಲ್ಲಿಸಬಾರದೆಂಬ ಕಾನೂನೂ ಅಲ್ಲಿತ್ತು. ಅದನ್ನು ಒಬ್ಬ ನಿವಾಸಿ ಪ್ರಶ್ನಿಸಿ ಒಮ್ಮೆ ಗೆದ್ದ, 2010ರಲ್ಲಿ ಪೂರ್ಣ ಪೀಠದ ಮುಂದೆ ಸೋತ. ಕೊನೆಗೆ 2012ರ ನವೆಂಬರಿನಲ್ಲಿ ಊರಿನ ಮತದಾರರೇ ಆ ನಿಷೇಧ ಸಡಿಲಿಸಲು ಮತ ಹಾಕಿದರು.

ಕ್ಯಾಲಿಫೋರ್ನಿಯಾದ ನ್ಯಾಯಾಲಯಗಳು ಎರಡೂ ಕಡೆ ವಾಲಿವೆ. 1987ರ ಒಂದು ಪ್ರಕರಣದಲ್ಲಿ, ಸ್ವಂತ ಓಡಾಟಕ್ಕೆ ಬಳಸುವ ಚೊಕ್ಕಟವಾದ ಪಿಕಪ್ಪಿಗೆ ತಡೆ ಹಾಕುವುದು ಅಸಮಂಜಸ ಎಂದಿತು ನ್ಯಾಯಾಲಯ. 1994ರಲ್ಲಿ ಮೂರು ಬೆಕ್ಕು ಸಾಕಿದ್ದ ಹೆಂಗಸಿನ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ನೋಂದಣಿಯಾದ ಷರತ್ತು ಸಾಮಾನ್ಯವಾಗಿ ಸಮಂಜಸ ಎಂದೇ ಭಾವಿಸಬೇಕು, ಒಬ್ಬೊಬ್ಬರ ಬೆಕ್ಕಿನ ಗುಣ ನೋಡುತ್ತ ಕೂರಲಾಗದು ಎಂಬ ನಿಲುವು ತಳೆಯಿತು.

ಈಗ ಗಾಳಿ ಸ್ವಲ್ಪ ತಿರುಗಿದೆ. ಫ್ಲಾರಿಡಾ ರಾಜ್ಯ 2023ರಲ್ಲಿ ಒಂದು ಕಾನೂನು ಮಾಡಿತು. ಬೀದಿಗೂ ಪಕ್ಕದ ಮನೆಗೂ ಕಾಣದಂತೆ ಇಟ್ಟ ವಸ್ತುಗಳಿಗೆ ಸಂಘ ಅಡ್ಡಿ ಮಾಡುವಂತಿಲ್ಲ. ಕಾನೂನು ಉದಾಹರಿಸುವ ಪಟ್ಟಿಯಲ್ಲಿ ದೋಣಿಯೂ ಇದೆ! 2024ರಲ್ಲಿ ಇನ್ನೂ ಮುಂದೆ ಹೋಗಿ, ಮನೆಯವರು ತಮ್ಮ ಪಿಕಪ್ಪನ್ನು, ಕಂಪನಿಯ ಹೆಸರು ಬರೆದ ಕೆಲಸದ ಗಾಡಿಯನ್ನೂ ತಮ್ಮ ಅಂಗಳದಲ್ಲಿ ನಿಲ್ಲಿಸಿದರೆ ತಡೆಯುವಂತಿಲ್ಲ ಎಂದಿತು. ಭಾರಿ ವಾಣಿಜ್ಯ ವಾಹನಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ದೋಣಿಯ ನಿಯಮಗಳೆಲ್ಲ ದುಷ್ಟತನದವಲ್ಲ. ಇಪ್ಪತ್ತೈದು ಅಡಿಯ ಟ್ರೈಲರು ಕಾಲುದಾರಿಗೆ ಅಡ್ಡ ನಿಂತರೆ ಗಾಲಿಕುರ್ಚಿಯವರು ರಸ್ತೆಗಿಳಿಯಬೇಕು. ಮೂಲೆ ಮನೆಯಲ್ಲಿ ನಿಂತರೆ ತಿರುವಿನಲ್ಲಿ ಬರುವ ಗಾಡಿ ಕಾಣುವುದಿಲ್ಲ. ಅಗ್ನಿಶಾಮಕದ ಗಾಡಿಗೆ ದಾರಿ ಬೇಕು. ಇವೆಲ್ಲ ಅಳೆಯಬಹುದಾದ ತೊಂದರೆಗಳು. ಆದರೆ ಸೀಸೈಡಿನ ಬೇಲಿಯ ಚಿತ್ರ ಒಂದು ಗುಟ್ಟು ಬಿಚ್ಚಿತು. ಬೇಲಿಯ ಹಿಂದೆ ದೋಣಿ ಅಲ್ಲೇ ಇದೆ, ಅಷ್ಟೇ ಜಾಗ ಹಿಡಿದಿದೆ. ನಿಯಮಕ್ಕೆ ಬೇಕಾದದ್ದು ದೋಣಿ ಹೋಗುವುದಲ್ಲ, ಕಾಣದಿರುವುದು.

*

ಇಷ್ಟೆಲ್ಲ ಅಮೆರಿಕದ ಉಸಾಬರಿ ಮುಂಬಯಿಯಲ್ಲಿ ಕೂತವನಿಗೆ ಯಾಕೆ? ಹೇಳುತ್ತೇನೆ.

ನಮ್ಮಲ್ಲಿ ಸಹಕಾರಿ ವಸತಿ ಸಂಘದ ಇತಿಹಾಸಕ್ಕೆ ಕನ್ನಡ ನಾಡಿನ ನಂಟು ಗಟ್ಟಿಯಾಗಿದೆ. 1909ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬೆಂಗಳೂರು ಬಿಲ್ಡಿಂಗ್ ಸಹಕಾರಿ ಸಂಘ ಹುಟ್ಟಿತು. ಮುಂಬಯಿಯ ಗಾಂವ್‌ದೇವಿಯಲ್ಲಿ 1915ರಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘ ಬಂತು. ಅದರ ಹಿಂದಿದ್ದವರು ಕೆನರಾ ಕರಾವಳಿಯಿಂದ ಬಂದ ಚಿತ್ರಾಪುರ ಸಾರಸ್ವತರು. ಮುಂದಾಳು ಶ್ರೀಪಾದ ಸುಬ್ಬರಾವ್ ತಾಲಮಕಿ. 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕು ಕಟ್ಟಿದವರೂ ಅವರೇ. ಊರು ಬಿಟ್ಟು ಬಂದ ಗುಮಾಸ್ತರು, ಮೇಷ್ಟ್ರುಗಳಿಗೆ ಮಾನವಾಗಿ ಬದುಕಲು ಒಂದು ಸೂರು ಸಿಗಲಿ ಎಂಬ ಆಸೆಯ ಕೆಲಸ. ಕೈಮುಗಿಯಬೇಕಾದ್ದೇ. ಆದರೆ ಅದು ಒಂದು ಸಮುದಾಯ ತನ್ನವರಿಗಾಗಿ ಕಟ್ಟಿಕೊಂಡದ್ದು ಎಂಬುದೂ ನಿಜ. ಅಸಹಾಯಕರು ಒಟ್ಟಾಗುವುದಕ್ಕೂ ಉಳ್ಳವರು ಬಾಗಿಲು ಹಾಕಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಬೈಲಾದ ಭಾಷೆಯಲ್ಲಿ ಮಾತ್ರ ಎರಡೂ ಒಂದೇ ರೀತಿ ಕಾಣುತ್ತವೆ. 2005ರಲ್ಲಿ ಅಹಮದಾಬಾದಿನ ಪಾರ್ಸಿ ವಸತಿ ಸಂಘದ ಪ್ರಕರಣದಲ್ಲಿ, ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಎಂಬ ಬೈಲಾ ಊರ್ಜಿತ ಎಂದು ನಮ್ಮ ಸುಪ್ರೀಂ ಕೋರ್ಟು ಹೇಳಿತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯದ ಆಧಾರದ ಮೇಲೆ. ಶೆಲ್ಲಿ ತೀರ್ಪು ಬಂದು ಆಗ 57 ವರ್ಷವಾಗಿತ್ತು.

ಪಾರ್ಕಿಂಗಿನ ಜಗಳ ನಮಗೆ ಹೊಸದೇನಲ್ಲ. ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ಪಾರ್ಕಿಂಗ್ ಜಾಗವನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ ಜಾಗ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದ್ದು ಮುಂಬಯಿಯದೇ ಒಂದು ಪ್ರಕರಣದಲ್ಲಿ. ಎಲ್ಲರದ್ದು ಎಂದಾದ ಮೇಲೆ ಯಾರ ಗಾಡಿ ಒಳಗೆ, ಯಾರದ್ದು ಹೊರಗೆ ಎಂದು ಹೇಳುವವರು ನಾವೇ, ಅಂದರೆ ಸೊಸೈಟಿಯ ಸದಸ್ಯರು.

ಹನ್ನೆರಡು ವರ್ಷದ ಹಿಂದಿನ ಮಾತು. ನಾನು ಆಗ ನಮ್ಮ ಸೊಸೈಟಿಯ ಖಜಾಂಚಿ. ಕುಂದಾಪುರ ಕಡೆಯವರೊಬ್ಬರು ಮೂರನೇ ಮಹಡಿಯಲ್ಲಿದ್ದರು. ಸಣ್ಣ ಕೇಟರಿಂಗ್ ವ್ಯವಹಾರ. ಅವರದ್ದೊಂದು ಚಿಕ್ಕ ಟೆಂಪೋ ಇತ್ತು, ಹಳದಿ ನಂಬರ್ ಪ್ಲೇಟಿನದು. ರಾತ್ರಿ ಪಾತ್ರೆ ಸಮೇತ ತಂದು ತಮ್ಮ ಜಾಗದಲ್ಲಿ ನಿಲ್ಲಿಸಿ ಬೆಳಿಗ್ಗೆ ನಾಲ್ಕಕ್ಕೆ ಹೊರಡುತ್ತಿದ್ದರು. ಕಾಂಪೌಂಡು ಹೋಟೆಲ್ ಹಿತ್ತಿಲಿನಂತೆ ಕಾಣುತ್ತದೆ ಎಂದು ನಾಲ್ಕು ಜನ ಗೊಣಗಿದರು. ಫ್ಲಾಟಿನ ರೇಟು ಇಳಿಯುತ್ತದೆ ಎಂದ ಒಬ್ಬರು. ವಾರ್ಷಿಕ ಸಭೆಯಲ್ಲಿ ಠರಾವು ಪಾಸಾಯಿತು: ಕಮರ್ಷಿಯಲ್ ವಾಹನಗಳನ್ನು ರಾತ್ರಿ ಗೇಟಿನೊಳಗೆ ನಿಲ್ಲಿಸಬಾರದು. ಆ ಠರಾವಿನ ಒಕ್ಕಣೆ ಬರೆದವನು ನಾನು. ಬ್ಯಾಂಕಿನವರು, ಡ್ರಾಫ್ಟಿಂಗ್ ಚೆನ್ನಾಗಿ ಮಾಡುತ್ತಾರೆ ಅಂತ ನನಗೇ ಒಪ್ಪಿಸಿದ್ದರು. ಹೆಮ್ಮೆಯಿಂದಲೇ ಬರೆದೆ.

ಮಾರನೆಯ ದಿನ ಲಿಫ್ಟಿನಲ್ಲಿ ಸಿಕ್ಕಿದರು. ಜಗಳ ಆಡಲಿಲ್ಲ. "ಅಲ್ಲ ಮಾರಾಯ್ರೆ, ನಿಮ್ಮ ಕಾರೂ ಬ್ಯಾಂಕ್ ಸಾಲದ್ದು, ನನ್ನ ಟೆಂಪೋನೂ ಬ್ಯಾಂಕ್ ಸಾಲದ್ದೇ. ನಿಮ್ಮ ಕಾರಿನ ಕಂತು ನಿಮ್ಮ ಸಂಬಳ ಕಟ್ತದೆ. ನನ್ನ ಟೆಂಪೋದ ಕಂತು ಟೆಂಪೋನೇ ದುಡಿದು ಕಟ್ತದೆ. ದುಡಿಯುವ ಗಾಡಿ ಹೊರಗೆ, ಕೂತು ತಿನ್ನುವ ಗಾಡಿ ಒಳಗೆ, ಅಲ್ವಾ?" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. "ಎಲ್ಲರ ನಿರ್ಧಾರ ಸಾರ್" ಎಂದು ನನ್ನ ಮಹಡಿಯಲ್ಲಿ ಇಳಿದುಬಿಟ್ಟೆ.

ಟೆಂಪೋ ರಸ್ತೆಯಲ್ಲಿ ನಿಂತಿತು. ಒಂದು ರಾತ್ರಿ ಬ್ಯಾಟರಿ ಹೋಯಿತು, ಇನ್ನೊಂದು ರಾತ್ರಿ ಸ್ಟೆಪ್ನಿ ಹೋಯಿತು. ಎರಡು ವರ್ಷದಲ್ಲಿ ಫ್ಲಾಟು ಮಾರಿ ವಿರಾರ್ ಕಡೆ ಹೋದರು ಎಂದು ಕೇಳಿದೆ. ಅವರ ಜಾಗದಲ್ಲಿ ಈಗ ಒಂದು ಭಾರಿ ಎಸ್‌ಯುವಿ ನಿಲ್ಲುತ್ತದೆ. ಅಳೆದು ನೋಡಿದರೆ ಆ ಟೆಂಪೋಗಿಂತ ಉದ್ದ ಇದ್ದೀತು. ಅದರ ಪ್ಲೇಟು ಬಿಳಿ.

ಅಮೆರಿಕದ ಆ ಹಾಳೆಗಳ ಬಗ್ಗೆ ಓದುವಾಗಲೆಲ್ಲ ನನಗೆ ನನ್ನದೇ ಕೈಬರಹ ಕಾಣಿಸುತ್ತಿತ್ತು. ಅವರಷ್ಟು ಕ್ರೂರ ಕೆಲಸ ನಾವು ಮಾಡಿಲ್ಲ, ಅದನ್ನು ಇದಕ್ಕೆ ಸಮ ಮಾಡುವುದೂ ತಪ್ಪು. ಆದರೆ ದಾರಿ ಅದೇ. ಬೆಲೆ ಇಳಿಯುತ್ತದೆ ಎಂಬ ಭಯ, ನೋಡಲು ಚೆನ್ನಾಗಿಲ್ಲ ಎಂಬ ಸಭ್ಯ ಮಾತು, ಬಹುಮತದ ಠರಾವು. ಕೊನೆಗೆ ಗಾಡಿಯ ಹೆಸರಿನಲ್ಲಿ ಗೇಟು ದಾಟಿ ಹೋದವನು ಒಬ್ಬ ಮನುಷ್ಯ.

ಕಳೆದ ವಾರ್ಷಿಕ ಸಭೆಯಲ್ಲಿ ನಾನು ಒಂದು ತಿದ್ದುಪಡಿ ಮಂಡಿಸಿದೆ. ಠರಾವಿನಿಂದ ಕಮರ್ಷಿಯಲ್ ಎಂಬ ಪದ ತೆಗೆಯೋಣ. ಗಾಡಿಯ ಉದ್ದ ಇಷ್ಟು, ಅಗಲ ಇಷ್ಟು, ಗೆರೆ ದಾಟಬಾರದು, ಅಗ್ನಿಶಾಮಕದ ದಾರಿಗೆ ಅಡ್ಡ ಬರಬಾರದು ಎಂದು ಬರೆಯೋಣ. ಟೇಪು ಹಿಡಿದು ಅಳೆಯಬಹುದಾದದ್ದನ್ನು ಮಾತ್ರ ನಿಯಮ ಮಾಡೋಣ, ಕಣ್ಣಿಗೆ ಹಿಡಿಸದ್ದನ್ನಲ್ಲ ಎಂದು. ಅರ್ಧ ಗಂಟೆ ಚರ್ಚೆಯಾಯಿತು. ಎಸ್‌ಯುವಿಯವರು ಅಳತೆಯ ವಿಷಯ ಬೇಡ ಎಂದರು. ಕೊನೆಗೆ ಸಮೋಸ ಬಂತು, ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.

ಮುಂದಿನ ಸಭೆಗೆ ಟೇಪು ನಾನೇ ತೆಗೆದುಕೊಂಡು ಹೋಗುತ್ತೇನೆ.